ಮುಖ ಕೆಂಪಾಗದವನಿಗೆ ನಾಚಿಕೆಯಿಲ್ಲವೇ?

ಒಂದು ಇಂಗ್ಲಿಷ್ ಶಬ್ದದ ಅರ್ಥವನ್ನು ಕುರಿತು ಕಾರ್ಮಿಕರ ಪತ್ರಿಕೆಯಲ್ಲಿ ಇಷ್ಟುದ್ದ ಬರೆಯುವ ಅಗತ್ಯವೇನಿತ್ತೆಂದು ಕೆಲವು ವಾಚಕ ಬಂಧುಗಳು ಕೇಳಬಹುದು. ಸಂಬಳ, ಬೋನಸ್ಸು, ಭವಿಷ್ಯ ನಿಧಿ, ಖೋಲಿಯ ಬಾಡಿಗೆ, ಊರಿಗೆ ಕಳಿಸಬೇಕಾದ ಹಣ - ಇವು ನಮ್ಮ ದಿನನಿತ್ಯದ ಪ್ರಶ್ನೆಗಳು, ನಿಜ. ಆದರೆ ಶಬ್ದವೂ ಒಮ್ಮೊಮ್ಮೆ ಏಟಿನಂತೆ ಬೀಳುತ್ತದೆ. ತನಗೆ ತಗುಲಿದ್ದು ಕೋಲೋ ಕಲ್ಲೋ ಎಂಬುದೇ ತಿಳಿಯದೆ ಹೋದವನಿಗೆ ನೋವಿನ ಜೊತೆಗೆ ದಿಗಿಲೂ ಸೇರುತ್ತದೆ. ಈಚೆಗೆ ನಾನು ವಾಸವಾಗಿರುವ ಸಾನಪಾಡಾದಲ್ಲಿ ಇಂತಹದೇ ಒಂದು ಪ್ರಸಂಗ ನಡೆಯಿತು. ಅದನ್ನು ಹೇಳದೆ ಮುಂದಿನ ಮಾತು ಹೇಳಲಾಗದು.

ಸಾನಪಾಡಾ ಈಗ ಹಳೆಯ ಸಾನಪಾಡಾ ಅಲ್ಲ. 1970ರಲ್ಲಿ ಸಿಡ್ಕೋ ಹುಟ್ಟಿ, 1992ರಲ್ಲಿ ಖಾಡಿಯ ಮೇಲೆ ರೈಲು ದಾಟಿ ವಾಶಿಗೆ ಬಂದ ಮೇಲೆ ಈ ಕಡೆಯ ಊರುಗಳ ಮುಖವೇ ಬದಲಾಯಿತು. ಒಂದು ಮಗ್ಗುಲಲ್ಲಿ ತುರ್ಭೆಯ ಸಗಟು ಮಾರುಕಟ್ಟೆ, ಇನ್ನೊಂದು ಮಗ್ಗುಲಲ್ಲಿ ದೊಡ್ಡ ದೊಡ್ಡ ಆಫೀಸುಗಳು. ಹಮಾಲನಿಗೂ ಆಫೀಸಿನವನಿಗೂ ಹೊತ್ತಿಗೆ ಸರಿಯಾಗಿ ಚಹಾ ತಿಂಡಿ ಬೇಕು. ಅದನ್ನು ಕೊಡಲು ನಮ್ಮವರ ಹೋಟೆಲುಗಳು ಇವೆ. ಅಂತಹ ಒಂದು ಹೋಟೆಲಿನಲ್ಲಿ ಕುಂದಾಪುರದ ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ. ಒಂದು ಮಧ್ಯಾಹ್ನ ಗಿರಾಕಿಗಳು ಕಿಕ್ಕಿರಿದಿದ್ದ ಹೊತ್ತಿನಲ್ಲಿ ಅವನು ಒಂದು ಟೇಬಲಿನ ಮಸಾಲೆ ದೋಸೆಯನ್ನು ಇನ್ನೊಂದು ಟೇಬಲಿಗೆ ಇಟ್ಟುಬಿಟ್ಟನು. ಗಲ್ಲಾದಲ್ಲಿದ್ದವರು ಕುಳಿತಲ್ಲಿಂದಲೇ ಎತ್ತರದ ದನಿಯಲ್ಲಿ ಅವನನ್ನು ಬೈದರು. ಇಡೀ ಹೋಟೆಲು ತಿರುಗಿ ನೋಡಿತು. ಹುಡುಗ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಹಾಗೆಯೇ ನಿಂತನು.

ಹತ್ತಿರದ ಟೇಬಲಿನಲ್ಲಿ ಇಬ್ಬರು ತರುಣರು ಕುಳಿತಿದ್ದರು. ಒಬ್ಬನು ನಗುತ್ತ, 'ನೋಡು, ಹೀ ಈಸ್ ಬ್ಲಶಿಂಗ್' ಎಂದನು. ಮತ್ತೊಬ್ಬನು ಹಿಂದಿಯಲ್ಲಿ, ಇಂತಹ ಕಪ್ಪು ಬಣ್ಣದ ಮೇಲೆ ಅದೆಲ್ಲಿಂದ ಕಾಣಬೇಕು ಎಂದು ಉತ್ತರ ಕೊಟ್ಟನು. ಇಬ್ಬರೂ ನಕ್ಕರು, ತಿಂದರು, ಹೋದರು. ಅವರಿಗೆ ಅದು ಅಲ್ಲಿಗೇ ಮುಗಿದ ಮಾತು.

ಹುಡುಗನಿಗೆ ಮುಗಿಯಲಿಲ್ಲ. ರಾತ್ರಿ ಹನ್ನೊಂದಕ್ಕೆ ನನ್ನ ಖೋಲಿಗೆ ಬಂದು ಬಾಗಿಲಲ್ಲೇ ನಿಂತು ಕೇಳಿದನು: 'ಅಣ್ಣಾ, ಬ್ರಶ್ಶಿಂಗ್ ಅಂದ್ರೆ ಎಂತ? ನಾನು ಬೆಳಿಗ್ಗೆ ಹಲ್ಲು ತಿಕ್ಕಿಯೇ ಕೆಲಸಕ್ಕೆ ಹೋದದ್ದು. ನನ್ನ ಬಾಯಿ ವಾಸನೆ ಬರ್ತದಾ?'

ನನಗೆ ಮೊದಲು ನಗು ಬಂತು. ಅನಂತರ ಅವನ ಮುಖ ನೋಡಿ ನಗು ಇಂಗಿತು. ಪಾಪ, ಸಾಯಂಕಾಲ ಕೆಲಸದ ಮಧ್ಯೆ ಎರಡು ಸಲ ಹಿಂದುಗಡೆ ಹೋಗಿ ಹಲ್ಲು ತಿಕ್ಕಿ ಬಂದಿದ್ದನಂತೆ. ಕಪ್ಪು ಬಣ್ಣದ ಮಾತು ಮಾತ್ರ ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಆದರೆ ಹಲ್ಲಿಗೂ ಮೈಬಣ್ಣಕ್ಕೂ ಏನು ಸಂಬಂಧವೆಂದು ತಿಳಿಯದೆ ದಿನವೆಲ್ಲ ತಳಮಳಿಸಿದ್ದನು.

ಆ ರಾತ್ರಿ ಅವನಿಗೆ ಹೇಳಿದ್ದನ್ನೂ, ಹೇಳಬೇಕೆಂದಿದ್ದು ಹೊತ್ತಾದುದರಿಂದ ಹೇಳದೆ ಉಳಿದುದನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಶಬ್ದ ಬ್ರಶ್ ಅಲ್ಲ, ಬ್ಲಶ್. ನಾಚಿಕೆಯಿಂದಲೋ, ಸಂಕೋಚದಿಂದಲೋ, ಹತ್ತು ಜನರ ಮುಂದೆ ಪೇಚಿಗೆ ಸಿಕ್ಕಿದಾಗಲೋ ಕೆನ್ನೆ, ಕಿವಿ, ಕತ್ತು ಕೆಂಪೇರುವುದಕ್ಕೆ ಇಂಗ್ಲಿಷಿನವರು ಇಟ್ಟಿರುವ ಹೆಸರು ಅದು. ನಾಮಪದವಾಗಿಯೂ ಬರುತ್ತದೆ, ಕ್ರಿಯಾಪದವಾಗಿಯೂ ಬರುತ್ತದೆ. ಹೊಗಳಿದಾಗ ಕೆಂಪಾದರೂ ಬ್ಲಶ್, ತಪ್ಪು ಬಯಲಾಗಿ ಕೆಂಪಾದರೂ ಬ್ಲಶ್. ತನ್ನ ತಪ್ಪಿಗೆ ನಾಚಿದನು ಎನ್ನಲು 'ಬ್ಲಶ್ಡ್ ಅಟ್ ಹಿಸ್ ಮಿಸ್ಟೇಕ್' ಎನ್ನುತ್ತಾರೆ. ಇನ್ನೊಬ್ಬನು ಮಾಡಿದ ಕೆಲಸಕ್ಕೆ ನಾವು ತಲೆ ತಗ್ಗಿಸಬೇಕಾಗಿ ಬಂದಾಗ 'ಬ್ಲಶ್ ಫಾರ್' ಎಂಬ ಪ್ರಯೋಗವುಂಟು. ಅಣ್ಣ ಕುಡಿದು ಬೀದಿಯಲ್ಲಿ ಬಿದ್ದರೆ ತಮ್ಮ ಪಡುವ ನಾಚಿಕೆ ಅದು. 'ಅಟ್ ಫಸ್ಟ್ ಬ್ಲಶ್' ಎಂದರೆ ಮಾತ್ರ ನಾಚಿಕೆಗೆ ಸಂಬಂಧವಿಲ್ಲ. ಮೊದಲ ನೋಟಕ್ಕೆ ಎಂದರ್ಥ. ಹಿಂದೆ ಆ ಶಬ್ದಕ್ಕೆ ನೋಟವೆಂಬ ಅರ್ಥವೂ ಇದ್ದುದರ ಉಳಿಕೆ ಅದು. ಪೇಟೆಯ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ಕೊಳ್ಳುವ ಪುಟ್ಟ ಡಬ್ಬಿಯ ಕೆನ್ನೆಬಣ್ಣಕ್ಕೂ ಬ್ಲಶ್ ಎಂದೇ ಹೆಸರು. ಬಾರದ ನಾಚಿಕೆಯನ್ನು ಹಣ ಕೊಟ್ಟು ಹಚ್ಚಿಕೊಳ್ಳುವ ಉಪಾಯವೆನ್ನಬಹುದು.

ಇದಕ್ಕೆ ಹತ್ತಿರದ ಇನ್ನೊಂದು ಶಬ್ದ ಫ್ಲಶ್. ಫ್ಲಶ್ ಎಂದರೆ ನಮಗೆ ಸಂಡಾಸಿನ ನೀರಿನ ನೆನಪು ಮಾತ್ರ ಬರುತ್ತದೆ. ಆದರೆ ಮುಖದ ವಿಷಯದಲ್ಲಿಯೂ ಅದು ನಡೆಯುತ್ತದೆ. ಜ್ವರದಿಂದ, ಬಿಸಿಲಿನಿಂದ, ಕುಡಿತದಿಂದ, ಸಿಟ್ಟಿನಿಂದ ಮುಖ ಕೆಂಪಾದರೆ ಅದು ಫ್ಲಶ್. ಅಡುಗೆ ಮನೆಯಲ್ಲಿ ದೋಸೆಯ ಕಲ್ಲಿನ ಮುಂದೆ ಆರು ಗಂಟೆ ನಿಂತ ಭಟ್ಟರ ಮುಖ ಕೆಂಪಾಗಿದ್ದರೆ ಅದು ಫ್ಲಶ್. ಆ ಭಟ್ಟರನ್ನು ಸಭೆಯಲ್ಲಿ ಕರೆದು ಶಾಲು ಹೊದಿಸಿದಾಗ ಮುಖ ಕೆಂಪಾದರೆ ಅದು ಬ್ಲಶ್. ಕಾರಣ ಮೈಯಲ್ಲಿದ್ದರೆ ಮೊದಲನೆಯದು, ನಾಚುವ ಮನಸ್ಸಿನಲ್ಲಿದ್ದರೆ ಎರಡನೆಯದು ಎಂದು ಸಾಮಾನ್ಯವಾಗಿ ನೆನಪಿಡಬಹುದು. ಸಿಟ್ಟೊಂದು ಈ ನಿಯಮಕ್ಕೆ ಹೊರತು. ಅದು ಮನಸ್ಸಿನಲ್ಲಿ ಹುಟ್ಟಿದರೂ ಫ್ಲಶ್ಶಿಗೇ ಸೇರುತ್ತದೆ.

ಈ ಸಿಟ್ಟಿನ ಬಳಿಯಲ್ಲೇ ಕನ್ನಡಿಗನು ಎಡವುವುದು. ನಾನೂ ಎಡವಿದ್ದೇನೆ. ಹಗಲು ಕಪ್ಪು ಬಸಿ ತೊಳೆದು ರಾತ್ರಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಇಂಗ್ಲಿಷ್ ಪಾಠದಲ್ಲಿ ಒಬ್ಬ ಹುಡುಗಿ ಬ್ಲಶ್ ಆದಳೆಂಬ ಒಂದು ವಾಕ್ಯ ಬಂದಿತು. ಅರ್ಥ ಹೇಳಲು ಮಾಸ್ತರರು ನನ್ನನ್ನು ಎಬ್ಬಿಸಿದರು. ಮುಖ ಕೆಂಪಾಗುವುದೆಂದು ನಿಘಂಟಿನಲ್ಲಿ ನೋಡಿಕೊಂಡಿದ್ದ ನಾನು, 'ಹುಡುಗಿಗೆ ಸಿಟ್ಟು ಬಂದು ಮುಖ ಕೆಂಡವಾಯಿತು' ಎಂದು ಧೈರ್ಯವಾಗಿ ಹೇಳಿದೆನು. ಕಥೆಯಲ್ಲಿ ಅವಳ ಮದುವೆಯ ಮಾತು ನಡೆಯುತ್ತಿತ್ತು. ಇಡೀ ವರ್ಗ ನಕ್ಕಿತು. ಮಾಸ್ತರರು ಮಾತ್ರ ನಗಲಿಲ್ಲ. 'ತಪ್ಪು ನಿನ್ನದಲ್ಲ, ಕನ್ನಡ ಹಾಗೆ ಇದೆ' ಎಂದರು. ಆ ಮಾತಿನ ಸತ್ಯ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಕನ್ನಡ ಹೇಗಿದೆ ನೋಡಿರಿ. ನಮ್ಮಲ್ಲಿ ಕಣ್ಣು ಕೆಂಪಾದರೆ ಸಿಟ್ಟು, ಮುಖ ಕೆಂಪಾದರೆ ಸಿಟ್ಟು, ಮುಖ ಕೆಂಡವಾದರೆ ಇನ್ನೂ ಹೆಚ್ಚಿನ ಸಿಟ್ಟು. ಕೆಂಪಿನಿಂದ ನಾಚಿಕೆಯನ್ನು ಹೇಳಬೇಕಾದರೆ 'ನಾಚಿ' ಎಂಬ ಮಾತನ್ನೋ 'ಕೆನ್ನೆ' ಎಂಬ ಮಾತನ್ನೋ ಜೊತೆಗೆ ಸೇರಿಸಬೇಕು: ನಾಚಿ ಕೆಂಪಾದಳು, ಕೆನ್ನೆ ಕೆಂಪೇರಿತು. ಬರೆಯುವವರು, ಭಾಷಾಂತರ ಮಾಡುವವರು ಈ ಎಚ್ಚರ ಇಟ್ಟುಕೊಳ್ಳತಕ್ಕದ್ದು. ಬರಿದೇ 'ಮುಖ ಕೆಂಪಾಯಿತು' ಎಂದು ಬರೆದರೆ ಮದುಮಗಳು ಜಗಳಕ್ಕೆ ನಿಂತಂತಾಗುತ್ತದೆ.

ಹಾಗಾದರೆ ಕನ್ನಡಿಗರಿಗೆ ನಾಚಿಕೆಯನ್ನು ಹೇಳುವ ಮಾತುಗಳು ಕಡಮೆಯೇ? ಖಂಡಿತ ಅಲ್ಲ. ನಾಚಿ ನೀರಾದನು ಎನ್ನುತ್ತೇವೆ. ತಲೆ ತಗ್ಗಿಸಿದನು ಎನ್ನುತ್ತೇವೆ. ಮುಖ ಎತ್ತಲಾರದೆ ಹೋದನು, ಮೈ ಹಿಡಿಯಾಯಿತು, ಕಾಲ್ಬೆರಳಿನಿಂದ ನೆಲ ಗೀರುತ್ತ ನಿಂತಳು ಎನ್ನುತ್ತೇವೆ. ಅವಮಾನವಾದರೆ ಮುಖ ಕಪ್ಪಿಟ್ಟಿತು ಎನ್ನುತ್ತೇವೆ, ಕೆಂಪಿಟ್ಟಿತು ಎನ್ನುವುದಿಲ್ಲ. ಸಂಕೋಚವೆಂಬ ಸಂಸ್ಕೃತ ಶಬ್ದದ ಮೂಲಾರ್ಥವೇ ಕುಗ್ಗುವುದು, ಮುದುಡುವುದು. ನಮ್ಮ ಊರಿನ ಗದ್ದೆಯ ಅಂಚಿನಲ್ಲಿ ಬೆಳೆಯುವ ಗಿಡಕ್ಕೆ ನಾಚಿಕೆಮುಳ್ಳು ಎಂದು ಹೆಸರಿಟ್ಟ ಹಿರಿಯರು ಅದು ಕೆಂಪಾಗುವುದನ್ನು ಕಂಡು ಹಾಗೆ ಕರೆಯಲಿಲ್ಲ; ಮುಟ್ಟಿದೊಡನೆ ಎಲೆ ಮಡಚುವುದನ್ನು ಕಂಡು ಕರೆದರು. ಇಂಗ್ಲಿಷಿನವನು ನಾಚಿಕೆಯನ್ನು ಚರ್ಮದ ಬಣ್ಣದಲ್ಲಿ ಹುಡುಕಿದರೆ, ಕನ್ನಡಿಗನು ತಲೆಯಲ್ಲಿ, ಕಣ್ಣಿನಲ್ಲಿ, ಕಾಲ್ಬೆರಳಿನಲ್ಲಿ ಹುಡುಕಿದನು. ಕಪ್ಪು, ಎಣ್ಣೆಗೆಂಪು, ಗೋದಿ ಬಣ್ಣಗಳ ಜನ ತುಂಬಿದ ನಾಡಿನಲ್ಲಿ ಬಣ್ಣವನ್ನು ನಂಬಿ ಕುಳಿತರೆ ಅರ್ಧ ಊರಿನ ನಾಚಿಕೆ ಕಾಣದೆ ಹೋಗುತ್ತಿತ್ತು.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ತ್ರೀವೇಷದವನ ಮುಖಕ್ಕೆ ಆಗಲೇ ಬಣ್ಣ ಬಳಿದಾಗಿದೆ. ಆ ಬಣ್ಣದ ಅಡಿಯಲ್ಲಿ ನಿಜವಾದ ಕೆನ್ನೆ ಕೆಂಪಾದರೂ ಒಂದೇ, ಬಿಟ್ಟರೂ ಒಂದೇ. ಆದರೂ ಅವನು ಕತ್ತನ್ನು ಅಷ್ಟು ಓರೆ ಮಾಡಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಕಣ್ಣು ಕೆಳಗಿಳಿಸಿದನೆಂದರೆ ದೂರದಲ್ಲಿ ಚಾಪೆ ಹಾಸಿ ಕುಳಿತ ಅಜ್ಜಿಗೂ ಲಜ್ಜೆ ತಲುಪುತ್ತದೆ. ಕೆಂಪು ಬಣ್ಣ ರಂಗದ ಮೇಲೆ ವಿಜೃಂಭಿಸುವುದು ರಾಕ್ಷಸನ ಬಣ್ಣದ ವೇಷದಲ್ಲಿ.

ಇನ್ನು ಆ ಎರಡನೆಯ ತರುಣನ ಮಾತಿಗೆ ಬರೋಣ. ಕಪ್ಪು ಬಣ್ಣದವರಲ್ಲಿ ಬ್ಲಶ್ ಎಲ್ಲಿ ಕಾಣಬೇಕು ಎಂದು ಅವನು ನಕ್ಕನಲ್ಲವೇ? ಅವನು ಅದನ್ನು ಹೊಸದಾಗಿ ಹುಟ್ಟಿಸಿದ ಮಾತೆಂದು ತಿಳಿದಿರಬಹುದು. ಅದು ಬಹಳ ಹಳೆಯ ಮಾತು, ಕೆಟ್ಟ ಇತಿಹಾಸವುಳ್ಳ ಮಾತು. ದಕ್ಷಿಣ ಅಮೆರಿಕವನ್ನು ಗೆದ್ದ ಸ್ಪೇನಿನವರು ಅಲ್ಲಿಯ ಮೂಲ ನಿವಾಸಿಗಳನ್ನು ಕುರಿತು, ನಾಚಿ ಕೆಂಪಾಗಲು ಬಾರದವರನ್ನು ನಂಬುವುದು ಹೇಗೆ ಎಂದು ಹಂಗಿಸುತ್ತಿದ್ದರೆಂದು ಪ್ರವಾಸಿ ಹುಂಬೋಲ್ಟ್ ಬರೆದಿದ್ದಾನೆ. ಕೆಂಪಾಗದವನಿಗೆ ನಾಚಿಕೆಯಿಲ್ಲ, ನಾಚಿಕೆಯಿಲ್ಲದವನಿಗೆ ನೀತಿಯಿಲ್ಲ, ನೀತಿಯಿಲ್ಲದವನನ್ನು ದುಡಿಸಿಕೊಂಡರೆ ದೋಷವಿಲ್ಲ - ತರ್ಕದ ಸರಪಳಿ ಹೀಗೆ ಸಾಗುತ್ತದೆ. ಇಂಗ್ಲಿಷಿನಲ್ಲಿ ನಾಚಿಕೆಗೆಟ್ಟು ಸುಳ್ಳು ಹೇಳಿದನು ಎನ್ನಲು ಇಂದಿಗೂ 'ವಿದೌಟ್ ಎ ಬ್ಲಶ್' ಎನ್ನುವುದುಂಟು. ಕೆಂಪಾಗದಿರುವುದೇ ನಾಚಿಕೆಗೇಡಿತನದ ಗುರುತೆಂಬ ಭಾವನೆ ಭಾಷೆಯೊಳಗೇ ಕುಳಿತುಬಿಟ್ಟಿದೆ.

ಈ ಸರಪಳಿಯನ್ನು ಕಡಿಯಲು ನೆರವಾದವರಲ್ಲಿ ಪ್ರಸಿದ್ಧ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಒಬ್ಬನು. ಮಾನವನ ಹಾಗೂ ಪ್ರಾಣಿಗಳ ಭಾವಪ್ರಕಟಣೆಯನ್ನು ಕುರಿತು ಅವನು 1872ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಒಂದು ಇಡೀ ಅಧ್ಯಾಯ ನಾಚಿ ಕೆಂಪಾಗುವುದಕ್ಕೆ ಮೀಸಲು. ಅದಕ್ಕೆ ಮುಂಚೆ, 1867ರಲ್ಲಿ, ಅವನು ಒಂದು ಪ್ರಶ್ನಾವಳಿಯನ್ನು ಅಚ್ಚು ಹಾಕಿಸಿ ಲೋಕದ ನಾನಾ ಭಾಗಗಳಲ್ಲಿದ್ದ ಅಧಿಕಾರಿಗಳಿಗೂ ಪಾದ್ರಿಗಳಿಗೂ ಹಂಚಿದ್ದನು. ಗ್ರಂಥದಲ್ಲಿರುವ ಆ ಪಟ್ಟಿಯ ಎರಡನೆಯ ಪ್ರಶ್ನೆಯೇ ಇದು: ಚರ್ಮದ ಬಣ್ಣ ತೋರಗೊಡುವ ಕಡೆಗಳಲ್ಲಿ, ನಾಚಿಕೆಯಾದಾಗ ಜನರು ಕೆಂಪಾಗುತ್ತಾರೆಯೇ?

ನಮ್ಮ ವಾಚಕರಿಗೆ ಆಶ್ಚರ್ಯವಾಗಬಹುದಾದ ಸಂಗತಿ ಮುಂದಿದೆ. ಡಾರ್ವಿನ್ನನಿಗೆ ಮಾಹಿತಿ ಹೋದ ಊರುಗಳಲ್ಲಿ ನಮ್ಮ ಕೆನರಾವೂ ಒಂದು! ಅಂದಿನ ಮುಂಬಯಿ ಪ್ರಾಂತದ ಅಹಮದನಗರದಲ್ಲಿದ್ದ ಅರ್ಸ್ಕಿನ್ ಎಂಬ ಆಂಗ್ಲನು ಅವನ ಪರವಾಗಿ ಇಲ್ಲಿಯ ಜನರನ್ನು ಗಮನಿಸಿದನು. ಅದಲ್ಲದೆ ಕೆನರಾದಲ್ಲಿ ನ್ಯಾಯಾಧೀಶನಾಗಿದ್ದ ವೆಸ್ಟ್ ಎಂಬವನಿಂದಲೂ ವಿಷಯ ಸಂಗ್ರಹಿಸಿ ಕಳಿಸಿದನು. ಇದನ್ನು ಡಾರ್ವಿನ್ ತನ್ನ ಗ್ರಂಥದ ಪೀಠಿಕೆಯಲ್ಲಿ ಕೃತಜ್ಞತೆಯಿಂದ ದಾಖಲಿಸಿದ್ದಾನೆ. ಅಲ್ಲಿಯೇ ಇನ್ನೊಂದು ಮಾತನ್ನೂ ಹೇಳಿದ್ದಾನೆ. ಅರ್ಸ್ಕಿನ್ನನಿಗೆ ಖಚಿತವಾದ ತೀರ್ಮಾನಕ್ಕೆ ಬರುವುದು ಬಹಳ ಕಷ್ಟವಾಯಿತಂತೆ. ಕಾರಣವೇನು? ಯೂರೋಪಿಯನ್ನರ ಎದುರಿನಲ್ಲಿ ಇಲ್ಲಿಯ ಜನ ತಮ್ಮ ಎಲ್ಲ ಭಾವನೆಗಳನ್ನೂ ಅಡಗಿಸಿಕೊಳ್ಳುವ ರೂಢಿಯವರಾಗಿದ್ದರಂತೆ.

ಬಂಧುಗಳೇ, ಈ ಒಂದು ಮಾತಿನ ಬೆಲೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ದೊರೆಯ ಮುಂದೆ ಮುಖವನ್ನು ಕಲ್ಲು ಮಾಡಿಕೊಳ್ಳುವುದು ಆ ಕಾಲದ ರೈತನಿಗೆ ಮಾತ್ರ ಗೊತ್ತಿದ್ದ ವಿದ್ಯೆಯಲ್ಲ. ಗಿರಣಿಯಲ್ಲಿ ದುಡಿದ ಹಿರಿಯರನ್ನು ಕೇಳಿರಿ. ಸಾಂಚಾ ಖಾತೆಯಲ್ಲಿ ಜಾಬರನು ಎಲ್ಲರ ಮುಂದೆ ತಾಯಿ ತಂದೆ ಎತ್ತಿ ಬೈದಾಗ ಮುಖದ ಒಂದು ಗೆರೆಯೂ ಅಲುಗದಂತೆ ನಿಂತವರು ಅವರು. ಅಲುಗಿದರೆ ಮರುದಿನ ಕೆಲಸ ಸಿಗುವ ಭರವಸೆ ಇರಲಿಲ್ಲ. 1982ರ ಮುಷ್ಕರದ ಅನಂತರ ಬಾಗಿಲು ಹಾಕಿದ ಗಿರಣಿಗಳೊಡನೆ ಆ ಜಾಬರರೂ ಹೋದರು, ಆ ಖಾತೆಗಳೂ ಹೋದವು. ಆ ಕಲ್ಲುಮುಖದ ವಿದ್ಯೆ ಮಾತ್ರ ಹೋಟೆಲಿನ ಹುಡುಗನ ಕೈಗೆ ಬಂದಿದೆ. ಹೊರಗಿನವನು ನೋಡಿ, ಇವನಿಗೆ ಎಷ್ಟು ಬೈದರೂ ತಾಗುವುದಿಲ್ಲ, ದಪ್ಪ ಚರ್ಮದವನು ಎನ್ನುತ್ತಾನೆ. ತಾಗಿದ್ದನ್ನು ತೋರಗೊಡದಿರುವುದಕ್ಕೆ ಎಷ್ಟು ಶಕ್ತಿ ಬೇಕೆಂಬುದು ಅವನಿಗೆ ತಿಳಿಯದು.

ಡಾರ್ವಿನ್ನನ ಅಧ್ಯಾಯದಲ್ಲಿ ಇನ್ನೊಂದು ವೃತ್ತಾಂತವಿದೆ. ಅದನ್ನು ನಾನು ಮರೆಯಲಾರೆ. ನಾಚಿ ಕೆಂಪಾಗುವುದನ್ನು ಕುರಿತು 1839ರಲ್ಲಿ ಗ್ರಂಥ ಬರೆದಿದ್ದ ಬರ್ಜೆಸ್ ಎಂಬ ವೈದ್ಯನು ಒಬ್ಬ ಕಪ್ಪು ಜನಾಂಗದ ಹೆಂಗಸನ್ನು ಹಲವು ಬಾರಿ ಗಮನಿಸಿದ್ದನು. ಅವಳ ಮುಖದ ಮೇಲೆ ಹಳೆಯ ಗಾಯದ ಒಂದು ಕಲೆಯಿತ್ತು. ಸುತ್ತಲಿನ ಕಪ್ಪು ಚರ್ಮದಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೆ ಯಾರಾದರೂ ಅವಳನ್ನು ತಟ್ಟನೆ ಗದರಿಸಿ ಮಾತಾಡಿಸಿದಾಗ, ಏನೋ ಸಣ್ಣ ತಪ್ಪನ್ನು ಅವಳ ಮೇಲೆ ಹೊರಿಸಿದಾಗ, ಆ ಕಲೆ ಮಾತ್ರ ಪ್ರತಿಸಲವೂ ಕೆಂಪಾಗುತ್ತಿತ್ತು. ಅಂದರೆ ನಾಚಿಕೆಯ ರಕ್ತ ಅವಳ ಇಡೀ ಮುಖಕ್ಕೆ ಏರುತ್ತಲೇ ಇತ್ತು. ನೋಡುವವರ ಕಣ್ಣಿಗೆ ದಾರಿ ಇದ್ದುದು ಆ ಗಾಯದ ಮೂಲಕ ಮಾತ್ರ.

ಇಂದಿನ ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ನಾಚಿಕೆಯಾದಾಗ ಮುಖದ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಹೆಚ್ಚು ರಕ್ತ ಹರಿಯುತ್ತದೆ, ಮುಖ ಬಿಸಿಯಾಗುತ್ತದೆ. ಇದು ಎಲ್ಲ ಬಣ್ಣದವರಿಗೂ ಒಂದೇ. ಬಿಳಿಯ ಚರ್ಮದಲ್ಲಿ ಕೆಂಪಾಗಿ ಕಾಣುತ್ತದೆ, ಕಪ್ಪು ಚರ್ಮದಲ್ಲಿ ಇನ್ನಷ್ಟು ಕಪ್ಪಾಗಿ ಕಾಣಬಹುದು ಅಥವಾ ಕಾಣದೆಯೇ ಇರಬಹುದು. ಮುಖ ಕಪ್ಪಿಟ್ಟಿತು ಎಂದ ನಮ್ಮ ಹಿರಿಯರು ಕಣ್ಣುಮುಚ್ಚಿ ಆಡಿದ ಮಾತಲ್ಲ ಅದು! ಇದನ್ನು ಬೇಕೆಂದು ತರಿಸಿಕೊಳ್ಳಲಾಗದು, ಬೇಡವೆಂದು ತಡೆಯಲೂ ಆಗದು. ಕಚಗುಳಿ ಇಟ್ಟು ನಗಿಸಬಹುದು, ಹೊಡೆದು ಅಳಿಸಬಹುದು. ಆದರೆ ಮೈಯನ್ನು ಏನು ಮಾಡಿದರೂ ನಾಚಿಕೆಯ ಕೆಂಪನ್ನು ಬರಿಸಲಾಗದೆಂದು ಡಾರ್ವಿನ್ ಹೇಳುತ್ತಾನೆ. ಇತರರು ನಮ್ಮನ್ನು ಏನೆಂದು ತಿಳಿದಾರು ಎಂಬ ಯೋಚನೆಯೇ ಅದರ ಮೂಲವೆಂದು ಅವನ ಸಿದ್ಧಾಂತ. ಆದ್ದರಿಂದಲೇ ಹಸುಳೆ ನಾಚಿ ಕೆಂಪಾಗುವುದಿಲ್ಲ. ಕಣ್ಣು ಕಿವಿ ಎರಡನ್ನೂ ಕಳೆದುಕೊಂಡಿದ್ದ ಅಮೆರಿಕದ ಲಾರಾ ಬ್ರಿಜ್‌ಮನ್ ಎಂಬ ಮಹಿಳೆ ಮಾತ್ರ ಕೆಂಪಾಗುತ್ತಿದ್ದಳು. ಇತರರ ಮುಖವನ್ನು ಕಾಣದವಳಿಗೂ ಇತರರ ಎಣಿಕೆಯ ಚಿಂತೆ ತಪ್ಪಲಿಲ್ಲ.

ಇಲ್ಲಿಗೆ ನನ್ನ ಮಾತಿನ ತಿರುಳು ಬಂದಿತು. ಬ್ಲಶ್ ಎಂಬುದು ತಪ್ಪಿತಸ್ಥನ ಗುರುತಲ್ಲ, ಬಿಳಿಯ ಚರ್ಮದ ಆಸ್ತಿಯೂ ಅಲ್ಲ. ಹತ್ತು ಜನರ ಕಣ್ಣು ತನ್ನ ಮೇಲೆ ಬಿದ್ದಾಗ ಮಾನವಂತನ ಮೈ ಆಡುವ ಮಾತು ಅದು. ತಪ್ಪು ಟೇಬಲಿಗೆ ಹೋದ ಒಂದು ದೋಸೆಯನ್ನು ಸರಿಯಾದ ಟೇಬಲಿಗೆ ಇಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷದ ತಪ್ಪಿಗಾಗಿ ಇಡೀ ಹೋಟೆಲಿನ ಕಣ್ಣುಗಳನ್ನು ಒಬ್ಬ ಹುಡುಗನ ಮೇಲೆ ತಿರುಗಿಸುವುದು ಶಿಕ್ಷೆಯಲ್ಲ, ಹಿಂಸೆ. ಆ ದಿನ ಯಾರಾದರೂ ನಾಚಬೇಕಾಗಿದ್ದರೆ ಅದು ದೋಸೆ ತಂದವನಲ್ಲ.

ಗಲ್ಲಾದಲ್ಲಿ ಕೂರುವ ಬಂಧುಗಳಿಗೆ, ಅವರಲ್ಲಿ ಅನೇಕರು ತಾವೂ ಒಂದು ಕಾಲದಲ್ಲಿ ಟೇಬಲು ಒರೆಸಿದವರಾದುದರಿಂದ, ಒಂದು ವಿಜ್ಞಾಪನೆ: ಹೇಳುವುದಿದ್ದರೆ ಒಳಗೆ ಕರೆದು ಹೇಳಿರಿ. ಗಿರಾಕಿಯ ಮುಂದೆ ಬೈದರೆ ಗಿರಾಕಿಗೆ ಸಮಾಧಾನವಾಗುತ್ತದೆಂದು ನೀವು ತಿಳಿಯುತ್ತೀರಿ. ಅವನು ಅದನ್ನು ತಮಾಷೆಯಾಗಿ ನೋಡಿ ಎದ್ದು ಹೋಗುತ್ತಾನೆ. ಹುಡುಗ ನಿಮ್ಮೊಡನೆ ಇರುವವನು.

ತರುಣ ಕಾರ್ಮಿಕರಿಗೂ ಒಂದು ಮಾತು. ತಿಳಿಯದ ಶಬ್ದವನ್ನು ಕೇಳಲು ನಾಚಬೇಡಿರಿ. ಆ ಹುಡುಗ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟದೆ ಇದ್ದಿದ್ದರೆ ಇನ್ನೂ ಎಷ್ಟು ದಿನ ಹಲ್ಲು ತಿಕ್ಕುತ್ತಿದ್ದನೋ! ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಶಾಲೆಗಳಂತಹ ಸಂಸ್ಥೆಗಳನ್ನು ಈ ನಗರದಲ್ಲಿ ನಮ್ಮ ಹಿರಿಯರು ಕಟ್ಟಿದ್ದು, ಹಗಲು ಎಂಜಲು ಎತ್ತಿದ ಕೈ ರಾತ್ರಿ ಪುಸ್ತಕ ಎತ್ತಲೆಂದು. ಪುಸ್ತಕ ಸಿಗದಿದ್ದರೆ ಬಲ್ಲವರು ಸಿಗುತ್ತಾರೆ. ಶಬ್ದದ ಅರ್ಥ ತಿಳಿದವನಿಗೆ ಅದರ ಏಟು ಅರ್ಧ ಕಡಮೆ.

ಕೊನೆಯದಾಗಿ ಒಂದು ಸಂಗತಿ. ಮೂರು ವಾರಗಳ ಮೇಲೆ ಆ ಹುಡುಗ ಮತ್ತೆ ನನ್ನ ಖೋಲಿಗೆ ಬಂದನು. ಆ ಇಬ್ಬರು ತರುಣರಲ್ಲಿ ಒಬ್ಬನು ಆ ದಿನ ಒಂಟಿಯಾಗಿ ಊಟಕ್ಕೆ ಬಂದಿದ್ದನಂತೆ. ಊಟವಾದ ಮೇಲೆ ಎಷ್ಟು ಸಲ ಒತ್ತಿದರೂ ಮೊಬೈಲಿನಿಂದ ಹಣ ಹೋಗಲಿಲ್ಲ, ಕಿಸೆಯಲ್ಲಿ ನೋಟಿರಲಿಲ್ಲ, ಹಿಂದೆ ಗಿರಾಕಿಗಳ ಸಾಲು.

'ಅಣ್ಣಾ, ಅವ್ರ ಕಿವಿ ಎಲ್ಲ ಕೆಂಪಾಯ್ತು. ಅದೇ, ಬ್ಲಶ್' ಎಂದನು.

'ಮತ್ತೆ ನೀನು ಏನು ಮಾಡಿದೆ?'

'ನಾನು ಗಲ್ಲಾದವರ ಹತ್ರ ಮೆಲ್ಲಗೆ, ಇವರು ದಿನಾ ಬರುವವರು, ನಾಳೆ ಕೊಡ್ತಾರೆ ಅಂದೆ. ಅವ್ರ ಮುಖ ನೋಡ್ಲಿಲ್ಲ. ನೋಡಿದ್ರೆ ಇನ್ನೂ ಕೆಂಪಾಗ್ತಿತ್ತು.'

ಶಬ್ದದ ಅರ್ಥ ನಿಘಂಟಿನಲ್ಲಿ ದೊರೆಯುತ್ತದೆ. ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ಆ ಹುಡುಗ ತಾನಾಗಿಯೇ ಕಲಿತುಕೊಂಡಿದ್ದಾನೆ. ನಮ್ಮ ಹೋಟೆಲುಗಳಲ್ಲಿ ದುಡಿಯುವ ಎಲ್ಲರೂ, ದುಡಿಸುವ ಎಲ್ಲರೂ ಅಷ್ಟನ್ನು ಕಲಿತರೆ ಸಾಕು.